ಗೇಮ್ ಟೆಸ್ಟರ್ ಕೆಲಸ: ತಪ್ಪು ಕಲ್ಪನೆಗಳೇನು, ಸತ್ಯವೇನು?

“ದಿನವಿಡೀ ಗೇಮ್ ಆಡಿದರೆ ಸಂಬಳ ಕೊಡ್ತಾರಂತೆ” ಎಂಬ ಮಾತು ಪಿಯುಸಿ, ಡಿಗ್ರಿ ಓದುವ ಹುಡುಗ ಹುಡುಗಿಯರ ನಡುವೆ ಬಹಳ ಕಾಲದಿಂದ ಹರಿದಾಡುತ್ತಿದೆ. “ಹೇಗಾದರೂ ಮಾಡಿ ಟೆಸ್ಟರ್ ಆಗಿ ಒಳಗೆ ಸೇರಿಕೊ, ಆಮೇಲೆ ತಾನಾಗಿಯೇ ಗೇಮ್ ಡಿಸೈನರ್ ಆಗ್ತೀಯ” ಎನ್ನುವುದು ಅದರ ಬೆನ್ನಿಗೇ ಬರುವ ಸಲಹೆ. ಮನೆಯ ಹಿರಿಯರದು ಬೇರೆಯೇ ಪ್ರಶ್ನೆ: “ಆಟ ಆಡೋದೂ ಒಂದು ಉದ್ಯೋಗವೇನಪ್ಪಾ?” ಈ ಮೂರರಲ್ಲೂ ಒಂದಿಷ್ಟು ನಿಜವಿದೆ. ಅದಕ್ಕಿಂತ ಹೆಚ್ಚಾಗಿ ತಪ್ಪು ತಿಳಿವಳಿಕೆ ಇದೆ.

ಈ ಉದ್ಯೋಗ ನಮ್ಮ ಊರಿಗೆ ಹೊಸತೇನೂ ಅಲ್ಲ. ದೇಶದ ಆರಂಭದ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರ್‌ಆ್ಯಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ‘ಗ್ರ್ಯಾಂಡ್ ಥೆಫ್ಟ್ ಆಟೊ’ ಸರಣಿಯ ರಾಕ್‌ಸ್ಟಾರ್ ಗೇಮ್ಸ್ 2019ರಲ್ಲಿ ಅದನ್ನು ಕೊಂಡು ತನ್ನ ಬೆಂಗಳೂರು ಸ್ಟುಡಿಯೊ ಜತೆ ಸೇರಿಸಿಕೊಂಡಿತು. ಟೆಸ್ಟಿಂಗ್ ಸೇವೆಯನ್ನೇ ಮುಖ್ಯ ವ್ಯವಹಾರ ಮಾಡಿಕೊಂಡಿರುವ ಜಪಾನ್ ಮೂಲದ ಪೋಲ್ ಟು ವಿನ್ ಕಂಪನಿಗೂ ಬೆಂಗಳೂರಿನಲ್ಲಿ ಕಚೇರಿ ಇದೆ. ಪುಣೆಯಲ್ಲಿ ಯೂಬಿಸಾಫ್ಟ್ ಮತ್ತು ಗ್ಲೋಬಲ್‌ಸ್ಟೆಪ್, ಹೈದರಾಬಾದಿನಲ್ಲಿ ಇಎ ಇವೆ. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆಂದು 2012ರಲ್ಲಿ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ಈಗ ಜಾರಿಯಲ್ಲಿರುವುದು 2024–29ರ ನೀತಿ. ಇಷ್ಟೆಲ್ಲ ನಮ್ಮ ಸುತ್ತಲೇ ಇರುವಾಗ, ಮಕ್ಕಳು ಕೇಳಿದ ಮಾತನ್ನು ನಂಬಿ ವರ್ಷಗಳನ್ನು ಕಳೆದುಕೊಳ್ಳಬಾರದು. ಹೆತ್ತವರು ಏನೂ ತಿಳಿಯದೆ ಬೇಡವೆನ್ನಲೂಬಾರದು. ಆದ್ದರಿಂದ ಒಂದೊಂದೇ ಕಲ್ಪನೆಯನ್ನು ಎತ್ತಿಕೊಂಡು ನೋಡೋಣ.

ತಪ್ಪು ಕಲ್ಪನೆ 1: ಟೆಸ್ಟರ್ ಎಂದರೆ ದಿನವಿಡೀ ಮಜವಾಗಿ ಗೇಮ್ ಆಡುವವರು

ಸತ್ಯ: ಟೆಸ್ಟರ್ ಕೈಗೆ ಬರುವುದು ಮುಗಿದ ಗೇಮ್ ಅಲ್ಲ, ಅರೆಬರೆ ಕಟ್ಟಿದ, ಪದೇ ಪದೇ ನಿಂತುಹೋಗುವ ಗೇಮ್. ಇದರ ಪ್ರತಿ ಆವೃತ್ತಿಗೂ ‘ಬಿಲ್ಡ್’ ಎನ್ನುತ್ತಾರೆ. ಬೆಳಿಗ್ಗೆ ಹೊಸ ಬಿಲ್ಡ್ ಬಂತೆಂದರೆ ಮೊದಲು ಅದು ತೆರೆದುಕೊಳ್ಳುತ್ತದೆಯೇ, ಮೆನು ಕೆಲಸ ಮಾಡುತ್ತದೆಯೇ, ಮೊದಲ ಹಂತ ಶುರುವಾಗುತ್ತದೆಯೇ ಎಂದು ಮೇಲುಮೇಲಿನ ಪರೀಕ್ಷೆ. ಇದೇ ಸ್ಮೋಕ್ ಟೆಸ್ಟ್. ಆಮೇಲೆ ನಿನ್ನೆ ‘ಸರಿ ಮಾಡಿದ್ದೇವೆ’ ಎಂದು ಪ್ರೋಗ್ರಾಮರ್‌ಗಳು ಹೇಳಿದ ದೋಷಗಳು ನಿಜಕ್ಕೂ ಸರಿಯಾಗಿವೆಯೇ, ಅವನ್ನು ಸರಿ ಮಾಡಲು ಹೋಗಿ ಬೇರೇನಾದರೂ ಕೆಟ್ಟಿದೆಯೇ ಎಂಬ ಮರುಪರೀಕ್ಷೆ. ಅದು ಮುಗಿದ ಮೇಲೆ ಆ ದಿನಕ್ಕೆ ಹಂಚಿಕೆಯಾದ ಟೆಸ್ಟ್ ಕೇಸ್‌ಗಳ ಪಟ್ಟಿ.

ಆ ಪಟ್ಟಿ ಹೇಗಿರುತ್ತದೆ? ಒಂದು ಕಾರ್ ರೇಸ್ ಗೇಮ್‌ನಲ್ಲಿ 40 ಕಾರು, 20 ಟ್ರ್ಯಾಕ್, ಬಿಸಿಲು–ಮಳೆ–ರಾತ್ರಿ ಎಂಬ ಮೂರು ಹವಾಮಾನ ಇವೆ ಎಂದಿಟ್ಟುಕೊಳ್ಳಿ. ಬರೀ ಇಷ್ಟಕ್ಕೇ 2,400 ಜೋಡಣೆಗಳಾದವು. ಅವುಗಳಲ್ಲಿ ಆಯ್ದವನ್ನು ಟೆಸ್ಟರ್ ಓಡಿಸಿ ನೋಡಬೇಕು. ಗೆಲ್ಲಲು ಓಡಿಸುವಂತಿಲ್ಲ. ಟ್ರ್ಯಾಕ್‌ನ ಅಂಚಿನ ಪ್ರತಿ ಗೋಡೆಗೂ ಗುದ್ದಬೇಕು, ಹಿಮ್ಮುಖವಾಗಿ ಓಡಿಸಬೇಕು, ಗೆಲುವಿನ ಗೆರೆಯ ಮೇಲೆಯೇ ಗಾಡಿ ನಿಲ್ಲಿಸಿ ಏನಾಗುತ್ತದೆ ನೋಡಬೇಕು. ಮೊಬೈಲ್ ಗೇಮ್ ಆದರೆ ಆಟದ ನಡುವೆ ಫೋನ್ ಕರೆ ಬಂದಾಗ, ಅಲಾರಂ ಹೊಡೆದಾಗ, ವೈಫೈ ಹೋಗಿ ಮೊಬೈಲ್ ಡೇಟಾ ಬಂದಾಗ, ಬ್ಯಾಟರಿ ಇಳಿದಾಗ, ಫೋನಿನ ಗಡಿಯಾರವನ್ನೇ ಒಂದು ದಿನ ಮುಂದಕ್ಕೆ ಇಟ್ಟಾಗ ಗೇಮ್ ಹೇಗೆ ನಡೆದುಕೊಳ್ಳುತ್ತದೆ ಎಂದು ಪರೀಕ್ಷಿಸಬೇಕು. ಒಂದೇ ಹಂತದ ಮುಂದೆ ವಾರಗಟ್ಟಲೆ ಕೂರಬೇಕಾಗಬಹುದು. ನಿಮಗೆ ಪ್ರಾಣವಾದ ಗೇಮ್ ಸರಣಿಯೇ ಕೆಲಸಕ್ಕೆ ಸಿಕ್ಕರೂ ಕೆಲವು ತಿಂಗಳಲ್ಲಿ ಅದರ ಹಿನ್ನೆಲೆ ಸಂಗೀತ ಕೇಳಿದರೆ ತಲೆಚಿಟ್ಟು ಹಿಡಿಯುವುದು ಸಹಜ.

ಆಡುವವರು ಗೇಮ್ ತೋರಿಸಿದ ದಾರಿಯಲ್ಲಿ ಹೋಗುತ್ತಾರೆ. ಟೆಸ್ಟರ್ ಹೋಗಬೇಕಾದ್ದು ದಾರಿ ಇಲ್ಲದ ಕಡೆ. ಇದು ಏಕೆ ಮುಖ್ಯ ಎಂಬುದಕ್ಕೆ 2005ರ ಸೆಪ್ಟೆಂಬರ್‌ನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ನಡೆದ ಘಟನೆಯನ್ನು ನೆನೆಯಬೇಕು. ಹಕ್ಕರ್ ಎಂಬ ಶತ್ರು ಆಟಗಾರರಿಗೆ ‘ಕರಪ್ಟೆಡ್ ಬ್ಲಡ್’ ಎಂಬ ಸೋಂಕು ಹಚ್ಚುತ್ತಿದ್ದ. ಅದು ಆ ಕಾಳಗದ ಜಾಗದಲ್ಲಷ್ಟೇ ಇರಬೇಕಿತ್ತು. ಆದರೆ ಆಟಗಾರರು ಸೋಂಕು ತಗುಲಿದ ತಮ್ಮ ಸಾಕುಪ್ರಾಣಿಯನ್ನು ಅಲ್ಲೇ ಮರೆಯಾಗಿಸಿ, ಆಮೇಲೆ ಜನನಿಬಿಡ ನಗರದಲ್ಲಿ ಮತ್ತೆ ಹೊರಗೆ ಕರೆದರು. ಸೋಂಕು ಪ್ರಾಣಿಯ ಜತೆಯಲ್ಲೇ ಬಂದಿತ್ತು. ಅಂಗಡಿ ನಡೆಸುವ ಪಾತ್ರಗಳಿಗೂ ಹರಡಿತು. ನಗರಗಳೆಲ್ಲ ಎಲುಬಿನ ರಾಶಿಯಾದವು. ಕೊನೆಗೆ ಕಂಪನಿ ಸರ್ವರ್‌ಗಳನ್ನೇ ಮರುಹೊಂದಿಸಬೇಕಾಯಿತು. “ಸೋಂಕಿರುವಾಗಲೇ ಪ್ರಾಣಿಯನ್ನು ಮರೆಯಾಗಿಸಿದರೆ?” ಎಂಬ ಒಂದು ಸಾಲಿನ ಪ್ರಶ್ನೆ ಬಿಡುಗಡೆಗೆ ಮುಂಚೆಯೇ ಏಳಬೇಕಿತ್ತು. ಇಂಥ ಪ್ರಶ್ನೆ ಕೇಳುವುದಕ್ಕೇ ಟೆಸ್ಟರ್‌ಗೆ ಸಂಬಳ.

ತಪ್ಪು ಕಲ್ಪನೆ 2: ಗೇಮ್ ಚೆನ್ನಾಗಿ ಆಡುವವರೇ ಒಳ್ಳೆಯ ಟೆಸ್ಟರ್

ಸತ್ಯ: ಆಡಲು ಬರಬೇಕು, ಹೌದು. ಆದರೆ ಬಿಜಿಎಂಐನಂಥ ಗೇಮ್‌ನಲ್ಲಿ ಎಷ್ಟು ಮೇಲಿನ ರ‍್ಯಾಂಕ್ ಇದೆ ಎಂಬುದನ್ನು ನೋಡಿ ಯಾರೂ ಟೆಸ್ಟರ್ ಕೆಲಸ ಕೊಡುವುದಿಲ್ಲ. ಕಂಡ ದೋಷವನ್ನು ಮತ್ತೆ ಅದೇ ರೀತಿ ಬರಿಸಲು ಗೊತ್ತಿರಬೇಕು; ಅದನ್ನು ಬೇರೊಂದು ದೇಶದಲ್ಲಿ ಕೂತ ಪ್ರೋಗ್ರಾಮರ್‌ಗೆ ಅರ್ಥವಾಗುವಂತೆ ಬರೆಯಲು ಗೊತ್ತಿರಬೇಕು. ಈ ವೃತ್ತಿಯ ಜೀವಾಳ ಇರುವುದು ಬಗ್ ರಿಪೋರ್ಟ್, ಅಂದರೆ ದೋಷದ ವರದಿ ಬರೆಯುವುದರಲ್ಲಿ.

“ಗೇಮ್ ಹ್ಯಾಂಗ್ ಆಗುತ್ತೆ, ಬೇಗ ಸರಿ ಮಾಡಿ” ಎಂದು ಬರೆದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಒಂದು ಒಳ್ಳೆಯ ರಿಪೋರ್ಟ್ ಹೇಗಿರಬೇಕು ಎಂಬುದಕ್ಕೆ ಕಲ್ಪಿತ ಉದಾಹರಣೆ ಇಲ್ಲಿದೆ:

*ಶೀರ್ಷಿಕೆ:* ಹಂತ 2 – ದೋಣಿ ಹತ್ತುವಾಗ ಫೋನ್ ಕರೆ ಬಂದರೆ ಪಾತ್ರ ನೀರಿನಡಿ ಸಿಕ್ಕಿಕೊಳ್ಳುತ್ತದೆ
*ಬಿಲ್ಡ್:* 0.8.14
*ಸಾಧನ:* 4 ಜಿಬಿ ರ‍್ಯಾಮ್‌ನ ಫೋನ್, ಆಂಡ್ರಾಯ್ಡ್ 13
*ಮಾಡಬೇಕಾದ್ದು:* (1) ಹಂತ 2 ತೆರೆಯಿರಿ. (2) ದೋಣಿಯ ಬಳಿ ಹೋಗಿ ‘ಹತ್ತು’ ಒತ್ತಿ. (3) ಪಾತ್ರ ಕಾಲೆತ್ತುತ್ತಿರುವಾಗಲೇ ಇನ್ನೊಂದು ಫೋನಿನಿಂದ ಕರೆ ಮಾಡಿ. (4) ಕರೆಯನ್ನು ಕಡಿದು ಗೇಮ್‌ಗೆ ಮರಳಿ.
*ಆಗಬೇಕಾದ್ದು:* ಪಾತ್ರ ದೋಣಿಯಲ್ಲಿ ಕೂತಿರಬೇಕು.
*ಆಗುತ್ತಿರುವುದು:* ಪಾತ್ರ ನೀರಿನ ಕೆಳಗಿದೆ, ಯಾವ ಬಟನ್ನೂ ಕೆಲಸ ಮಾಡುವುದಿಲ್ಲ. ಗೇಮ್ ಮುಚ್ಚಿ ತೆರೆಯದೆ ಬೇರೆ ದಾರಿಯಿಲ್ಲ.
*ಎಷ್ಟು ಸಲ:* 10ರಲ್ಲಿ 7
*ಟಿಪ್ಪಣಿ:* ಕರೆಯ ಬದಲು ಹೋಂ ಬಟನ್ ಒತ್ತಿದರೂ ಹೀಗೇ ಆಗುತ್ತದೆ. ಪಾತ್ರ ಪೂರ್ತಿ ಕೂತ ಮೇಲೆ ಒತ್ತಿದರೆ ಆಗುವುದಿಲ್ಲ. ವಿಡಿಯೊ ಲಗತ್ತಿಸಿದೆ.

ಕೊನೆಯ ಟಿಪ್ಪಣಿಯನ್ನು ಗಮನಿಸಿ. ಫೋನ್ ಕರೆಯೇ ಕಾರಣ ಎಂದು ಟೆಸ್ಟರ್ ಮೊದಲು ಅಂದುಕೊಂಡಿದ್ದರೂ ಅಲ್ಲಿಗೇ ನಿಲ್ಲಿಸಲಿಲ್ಲ. ಹೋಂ ಬಟನ್ ಒತ್ತಿ ನೋಡಿದಾಗ ಕರೆಗೂ ದೋಷಕ್ಕೂ ಸಂಬಂಧವಿಲ್ಲ, ಪಾತ್ರ ಚಲಿಸುತ್ತಿರುವಾಗ ಗೇಮ್ ತಡೆದು ನಿಲ್ಲುವುದೇ ಕಾರಣ ಎಂದು ಗೊತ್ತಾಯಿತು. ಹತ್ತರಲ್ಲಿ ಮೂರು ಸಲ ದೋಷ ಬಾರದಿರಲು ಒತ್ತುವ ಗಳಿಗೆ ಹಿಂದೆಮುಂದೆ ಆಗಿರುವುದು ಕಾರಣವಿರಬಹುದು ಎಂಬ ಸುಳಿವೂ ಸಿಕ್ಕಿತು. ಪ್ರೋಗ್ರಾಮರ್‌ಗೆ ಇಷ್ಟು ಸಿಕ್ಕರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ. ಇಂಥ ವರದಿಗಳನ್ನು ಜಿರಾದಂಥ ತಂತ್ರಾಂಶದಲ್ಲಿ ದಾಖಲಿಸುತ್ತಾರೆ. ಬರೆದವರ ಹೆಸರು ಅಲ್ಲೇ ಇರುತ್ತದೆ, ಮತ್ತು ಒಳ್ಳೆಯ ರಿಪೋರ್ಟ್ ಬರೆಯುವವರು ಯಾರು ಎಂಬುದು ತಂಡಕ್ಕೆ ಬಹುಬೇಗ ತಿಳಿಯುತ್ತದೆ.

ತಪ್ಪು ಕಲ್ಪನೆ 3: ಬೀಟಾ ಆವೃತ್ತಿ ಆಡಿದ್ದೇನೆ, ನನಗೆ ಅನುಭವ ಇದೆ

ಸತ್ಯ: ಬೀಟಾದಲ್ಲಿ ಸಾರ್ವಜನಿಕರು ಬಿಡುಗಡೆಗೆ ಮುನ್ನ ಗೇಮ್ ಆಡಿ ನೋಡುತ್ತಾರೆ. ಸಾಮಾನ್ಯವಾಗಿ ಸಂಬಳವಿಲ್ಲ, ಸರ್ವರ್ ಎಷ್ಟು ಜನರ ಭಾರ ತಾಳುತ್ತದೆ ಎಂಬುದನ್ನು ಅಳೆಯುವುದು ಕಂಪನಿಯ ಒಂದು ಮುಖ್ಯ ಉದ್ದೇಶ. ಪ್ಲೇಟೆಸ್ಟ್‌ನಲ್ಲಿ ಹೊಸಬರನ್ನು ಕೂರಿಸಿ ಅವರಿಗೆ ಗೇಮ್ ಅರ್ಥವಾಯಿತೇ, ಎಲ್ಲಿ ಬೇಸರ ಬಂತು ಎಂದು ನೋಡುತ್ತಾರೆ. ಅದನ್ನು ನಡೆಸುವವರು ಯೂಸರ್ ರಿಸರ್ಚ್ ವಿಭಾಗದವರು. ಕ್ಯೂಎ ಎಂದು ಕರೆಸಿಕೊಳ್ಳುವ ಗುಣಮಟ್ಟ ವಿಭಾಗದ ಟೆಸ್ಟರ್ ಇವೆರಡರಿಂದಲೂ ಬೇರೆ.

ಕ್ಯೂಎ ಒಳಗೂ ಹಲವು ಕವಲುಗಳಿವೆ. ಗೇಮ್ ಹೇಳಿದಂತೆ ನಡೆಯುತ್ತದೆಯೇ ಎಂದು ನೋಡುವುದು ಫಂಕ್ಷನಾಲಿಟಿ ಟೆಸ್ಟಿಂಗ್. ನೂರಾರು ಬಗೆಯ ಫೋನ್, ಕಂಪ್ಯೂಟರ್‌ಗಳಲ್ಲಿ ಓಡಿಸಿ ನೋಡುವುದು ಕಂಪ್ಯಾಟಿಬಿಲಿಟಿ ಟೆಸ್ಟಿಂಗ್. ಅನುವಾದಿತ ಪಠ್ಯವನ್ನು ಪರೀಕ್ಷಿಸುವುದು ಲೋಕಲೈಸೇಷನ್ ಟೆಸ್ಟಿಂಗ್. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಕನ್ಸೋಲ್‌ಗಳಿಗೆ ಬರುವ ಗೇಮ್ ಆಯಾ ಕಂಪನಿಯ ದೊಡ್ಡ ನಿಯಮಪಟ್ಟಿಯನ್ನು ದಾಟಲೇಬೇಕು: ಆಟದ ನಡುವೆ ಕಂಟ್ರೋಲರ್ ಸಂಪರ್ಕ ತಪ್ಪಿದರೆ ಏನಾಗಬೇಕು, ಸೇವ್ ಆಗುತ್ತಿರುವಾಗ ಪರದೆಯ ಮೇಲೆ ಏನು ಕಾಣಬೇಕು ಎಂಬಂಥವು. ಇವನ್ನು ಪರೀಕ್ಷಿಸುವುದು ಕಂಪ್ಲಯನ್ಸ್ ಟೆಸ್ಟಿಂಗ್. ಇದರಲ್ಲಿ ಪಳಗಿದವರಿಗೆ ಬೇಡಿಕೆ ಹೆಚ್ಚು.

ತಪ್ಪು ಕಲ್ಪನೆ 4: ಬಿಡುಗಡೆಯಾದ ಗೇಮ್‌ನಲ್ಲಿ ಬಗ್ ಇದ್ದರೆ ಅದು ಟೆಸ್ಟರ್ ತಪ್ಪು

ಸತ್ಯ: ಈ ಆರೋಪ ಟೆಸ್ಟರ್‌ಗಳಿಗೆ ಮಾಡುವ ದೊಡ್ಡ ಅನ್ಯಾಯ. ದೋಷವನ್ನು ಹುಡುಕಿ ದಾಖಲಿಸುವುದಷ್ಟೇ ಅವರ ಅಧಿಕಾರ. ಯಾವುದನ್ನು ಸರಿ ಮಾಡಬೇಕು, ಯಾವುದನ್ನು ಹಾಗೇ ಬಿಡಬೇಕು, ಬಿಡುಗಡೆಯ ದಿನ ಮುಂದಕ್ಕೆ ಹಾಕಬೇಕೇ ಎಂಬ ತೀರ್ಮಾನ ಪ್ರೊಡ್ಯೂಸರ್ ಮತ್ತು ಪಬ್ಲಿಷರ್‌ಗಳದು. ದೊಡ್ಡ ಗೇಮ್ ಯಾವುದೇ ಇರಲಿ, ಬಿಡುಗಡೆಯ ದಿನವೂ ‘ಗೊತ್ತಿದೆ, ಈಗ ಸರಿ ಮಾಡುವುದಿಲ್ಲ’ ಎಂದು ಗುರುತು ಹಾಕಿದ ದೋಷಗಳ ಉದ್ದನೆಯ ಪಟ್ಟಿ ಇದ್ದೇ ಇರುತ್ತದೆ. ಸರಿ ಮಾಡಲು ಹೋದರೆ ಮತ್ತೇನೋ ಕೆಡಬಹುದೆಂಬ ಭಯವೂ ಅದಕ್ಕೆ ಕಾರಣ.

2020ರ ಡಿಸೆಂಬರ್ 10ರಂದು ಬಂದ ‘ಸೈಬರ್‌ಪಂಕ್ 2077’ ಇದಕ್ಕೆ ಕಣ್ಣಮುಂದಿನ ಉದಾಹರಣೆ. ಹಳೆಯ ಕನ್ಸೋಲ್‌ಗಳಲ್ಲಿ ಅದು ಎಷ್ಟು ಕೆಟ್ಟದಾಗಿ ಓಡುತ್ತಿತ್ತೆಂದರೆ, ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದ ತೆಗೆದುಹಾಕಿತು. ಅದು ಮರಳಿ ಬಂದದ್ದು 2021ರ ಜೂನ್‌ನಲ್ಲಿ. ಆಟಗಾರರು ಕಂಡ ಎಷ್ಟೋ ತೊಂದರೆಗಳು ತಮ್ಮ ಪರೀಕ್ಷೆಯಲ್ಲಿ ಕಂಡಿರಲಿಲ್ಲ ಎಂದು ಗೇಮ್ ತಯಾರಿಸಿದ ಕಂಪನಿಯ ಸಹಸ್ಥಾಪಕರು ವಿಡಿಯೊದಲ್ಲಿ ಹೇಳಿದರು. ಆದರೆ ಸಾಮಾನ್ಯವಾದ ಅನೇಕ ದೋಷಗಳು ಮೊದಲೇ ಪತ್ತೆಯಾಗಿದ್ದವು, ಸರಿ ಮಾಡಲು ಸಮಯ ಇರಲಿಲ್ಲ ಎಂದು ಗೇಮ್ ಕಟ್ಟಿದವರು ಪತ್ರಕರ್ತರಿಗೆ ತಿಳಿಸಿದರು.

ಲೆಕ್ಕವೂ ಟೆಸ್ಟರ್ ಪರವಾಗಿಯೇ ಇದೆ. 50 ಮಂದಿ ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 250 ದಿನ ಪರೀಕ್ಷಿಸಿದರೆ ಒಂದು ಲಕ್ಷ ಗಂಟೆಯಾಯಿತು. ಬಿಡುಗಡೆಯ ದಿನ ಒಂದು ಲಕ್ಷ ಜನ ತಲಾ ಒಂದು ಗಂಟೆ ಆಡಿದರೆ ಅಷ್ಟೂ ಗಂಟೆ ಅಲ್ಲಿಗೇ ಮುಗಿಯಿತು. ಜನಪ್ರಿಯ ಗೇಮ್‌ನ ಆಟಗಾರರು ಟೆಸ್ಟರ್‌ಗಳ ಒಂದು ವರ್ಷದ ಶ್ರಮವನ್ನು ಒಂದೇ ಗಂಟೆಯಲ್ಲಿ ಮೀರುತ್ತಾರೆ.

ತಪ್ಪು ಕಲ್ಪನೆ 5: ಟೆಸ್ಟರ್ ಆಗಿ ಸೇರಿದರೆ ತಾನಾಗಿಯೇ ಡಿಸೈನರ್ ಆಗಬಹುದು

ಸತ್ಯ: ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 2005ರ ‘ಗಾಡ್ ಆಫ್ ವಾರ್’ ನಿರ್ದೇಶಿಸಿದ ಡೇವಿಡ್ ಜಾಫಿ 1990ರ ದಶಕದ ಆರಂಭದಲ್ಲಿ ಸೋನಿಯಲ್ಲಿ ಟೆಸ್ಟರ್ ಆಗಿದ್ದರು. 2003ರಲ್ಲಿ ಅಬ್ಸಿಡಿಯನ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಫರ್ಗಸ್ ಅರ್ಕ್‌ಹಾರ್ಟ್ ಇಂಟರ್‌ಪ್ಲೇ ಕಂಪನಿಯಲ್ಲಿ ಟೆಸ್ಟರ್ ಆಗಿಯೇ ಶುರು ಮಾಡಿದವರು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಮುಖ್ಯ ವಿನ್ಯಾಸಕಾರರಾಗಿದ್ದ ರಾಬ್ ಪಾರ್ಡೊ ಕೂಡ ಅದೇ ಇಂಟರ್‌ಪ್ಲೇಯಲ್ಲಿ ಟೆಸ್ಟಿಂಗ್‌ನಿಂದ ಮೇಲೆ ಬಂದವರು.

ಮೂವರೂ ಒಂದೇ ಕಾಲದವರು ಎಂಬುದನ್ನು ಮರೆಯಬಾರದು. ಆಗ ಸ್ಟುಡಿಯೊಗಳು ಚಿಕ್ಕವು. ಟೆಸ್ಟರ್, ಡಿಸೈನರ್, ಪ್ರೋಗ್ರಾಮರ್ ಒಂದೇ ಕಟ್ಟಡದಲ್ಲಿ ಕೂರುತ್ತಿದ್ದರು. ಊಟದ ಹೊತ್ತಿನಲ್ಲಿ ಹೇಳಿದ ಒಂದು ಒಳ್ಳೆಯ ಸಲಹೆ ನೇರವಾಗಿ ಡಿಸೈನರ್ ಕಿವಿಗೆ ಬೀಳುತ್ತಿತ್ತು. ಈಗ ಟೆಸ್ಟಿಂಗ್‌ನ ದೊಡ್ಡ ಪಾಲು ಹೊರಗುತ್ತಿಗೆಗೆ ಹೋಗಿದೆ. ಗೇಮ್ ಕಟ್ಟುವವರು ಮಾಂಟ್ರಿಯಲ್‌ನಲ್ಲೋ ಟೋಕಿಯೊದಲ್ಲೋ ಇರುತ್ತಾರೆ, ಟೆಸ್ಟರ್ ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಅವರಿಬ್ಬರ ನಡುವಿನ ಸಂಪರ್ಕ ಬಗ್ ರಿಪೋರ್ಟ್ ಮತ್ತು ಟೆಸ್ಟಿಂಗ್ ತಂಡದ ಲೀಡ್ ಮೂಲಕವೇ. ಟೆಸ್ಟಿಂಗ್ ಸೇವೆಯನ್ನಷ್ಟೇ ಮಾಡುವ ಕಂಪನಿಯಲ್ಲಿ ಡಿಸೈನರ್ ಎಂಬ ಹುದ್ದೆಯೇ ಇರದಿರಬಹುದು. ಹುದ್ದೆಯೇ ಇಲ್ಲದ ಕಡೆ ಬಡ್ತಿಗೆ ಕಾಯುತ್ತಾ ವರ್ಷಗಳನ್ನು ಕಳೆಯಬೇಡಿ.

ಹಾಗಾದರೆ ದಾರಿ ಮುಚ್ಚಿದೆಯೇ? ಖಂಡಿತ ಇಲ್ಲ. ಟೆಸ್ಟಿಂಗ್ ಒಳಗೇ ಸೀನಿಯರ್ ಟೆಸ್ಟರ್, ಲೀಡ್, ಕ್ಯೂಎ ಮ್ಯಾನೇಜರ್ ಎಂಬ ಮೆಟ್ಟಿಲುಗಳಿವೆ. ಜೀವಮಾನವಿಡೀ ಮಾಡಬಹುದಾದ ಗೌರವದ ವೃತ್ತಿ ಅದು. ಪೈಥಾನ್ ಅಥವಾ ಸಿ ಶಾರ್ಪ್‌ನಂಥ ಕೋಡಿಂಗ್ ಭಾಷೆ ಕಲಿತವರು ಟೆಸ್ಟ್ ಎಂಜಿನಿಯರ್ ಆಗುತ್ತಾರೆ. ದಿನಾಂಕ, ಆದ್ಯತೆ, ಜನರನ್ನು ಸಂಭಾಳಿಸಲು ಬಲ್ಲವರು ಪ್ರೊಡಕ್ಷನ್ ಕಡೆ ಹೋಗುತ್ತಾರೆ. ಬಗ್‌ಗಳ ಆದ್ಯತೆ ಗೊತ್ತಿರುವ ಟೆಸ್ಟರ್‌ಗೆ ಈ ದಾರಿ ಎಲ್ಲಕ್ಕಿಂತ ಹತ್ತಿರ. ಡಿಸೈನರ್ ಆಗಬೇಕೆಂದರೆ ಸಂಜೆ ಮನೆಯಲ್ಲಿ ಯೂನಿಟಿ, ಅನ್‌ರಿಯಲ್ ಅಥವಾ ಗೊಡೊ ಎಂಜಿನ್‌ನಲ್ಲಿ ನಿಮ್ಮದೇ ಸಣ್ಣ ಗೇಮ್ ಕಟ್ಟಬೇಕು. ಗೊಡೊ ಪೂರ್ತಿ ಉಚಿತ. ಉಳಿದೆರಡನ್ನೂ ಕಲಿಯಲು ದುಡ್ಡು ಬೇಡ. ಹೀಗೆ ಕಟ್ಟಿದ ಒಂದು ಮುಗಿದ ಗೇಮ್ ಜತೆಗೆ ಟೆಸ್ಟಿಂಗ್ ಅನುಭವ ಸೇರಿದರೆ ಸಂದರ್ಶನದಲ್ಲಿ ತೂಕ ಬರುತ್ತದೆ. ಟೆಸ್ಟಿಂಗ್ ಅನುಭವ ಒಂದರಿಂದಲೇ ಆ ತೂಕ ಬರುವುದಿಲ್ಲ.

ತಪ್ಪು ಕಲ್ಪನೆ 6: ದೊಡ್ಡ ಗೇಮ್ ಕಂಪನಿ, ಆದ್ದರಿಂದ ಸಂಬಳ ಮತ್ತು ಭದ್ರತೆ ಎರಡೂ ಸಿಗುತ್ತವೆ

ಸತ್ಯ: ಗೇಮ್ ಕೋಟಿಗಟ್ಟಲೆ ದುಡಿಯಬಹುದು. ಆದರೆ ಟೆಸ್ಟರ್ ಕೆಲಸ ಉದ್ಯಮದ ಕೆಳ ಮೆಟ್ಟಿಲಿನದು. ಆರಂಭದ ಸಂಬಳ ಸಾಮಾನ್ಯವಾಗಿ ಪ್ರೋಗ್ರಾಮರ್‌ಗೆ ಸಿಗುವುದಕ್ಕಿಂತ ಕಡಿಮೆ. ಬಹಳಷ್ಟು ನೇಮಕಾತಿ ಗುತ್ತಿಗೆ ಮೇಲೆ, ಒಂದು ಪ್ರಾಜೆಕ್ಟ್‌ನ ಮಟ್ಟಿಗೆ ನಡೆಯುತ್ತದೆ. ಬಿಡುಗಡೆ ಹತ್ತಿರ ಬಂದಾಗ ರಾತ್ರಿ ಪಾಳಿ, ರಜೆಯಲ್ಲೂ ಕೆಲಸ. ಗೇಮ್ ಬಿಡುಗಡೆಯಾದ ಮೇಲೆ ಗುತ್ತಿಗೆ ಮುಗಿಯುವುದು ಇಡೀ ಉದ್ಯಮದಲ್ಲಿ ಹಳೆಯ ರೂಢಿ.

ಇದನ್ನು ಟೆಸ್ಟರ್‌ಗಳು ತಲೆಬಗ್ಗಿಸಿ ಒಪ್ಪಿಕೊಂಡು ಕೂತಿಲ್ಲ. ‘ಕಾಲ್ ಆಫ್ ಡ್ಯೂಟಿ’ ಗೇಮ್‌ಗೆ ದುಡಿಯುತ್ತಿದ್ದ ಅಮೆರಿಕದ ವಿಸ್ಕಾನ್ಸಿನ್‌ನ ರೇವನ್ ಸಾಫ್ಟ್‌ವೇರ್‌ನಲ್ಲಿ 2021ರ ಡಿಸೆಂಬರ್‌ನಲ್ಲಿ ಗುತ್ತಿಗೆ ಟೆಸ್ಟರ್‌ಗಳನ್ನು ಕೈಬಿಟ್ಟಾಗ ಸಹೋದ್ಯೋಗಿಗಳು ಕೆಲಸ ನಿಲ್ಲಿಸಿ ಹೊರನಡೆದರು. 2022ರ ಮೇ ತಿಂಗಳಲ್ಲಿ 19–3 ಮತಗಳಿಂದ ಸಂಘ ಕಟ್ಟಿಕೊಂಡರು. ಅದೇ ವರ್ಷ ರೇವನ್‌ನ ಮಾತೃಸಂಸ್ಥೆ ಆ್ಯಕ್ಟಿವಿಷನ್ ಅಮೆರಿಕದಲ್ಲಿನ ತನ್ನ ಸುಮಾರು 1,100 ತಾತ್ಕಾಲಿಕ ಟೆಸ್ಟರ್‌ಗಳನ್ನು ಕಾಯಂ ಮಾಡುವುದಾಗಿ ಪ್ರಕಟಿಸಿತು. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಒಡೆತನದ ಜೆನಿಮ್ಯಾಕ್ಸ್‌ನ ಸುಮಾರು 300 ಟೆಸ್ಟರ್‌ಗಳು ಸಂಘ ಕಟ್ಟಿದರು. ಅಮೆರಿಕದಲ್ಲಿ ಮೈಕ್ರೋಸಾಫ್ಟ್‌ನೊಳಗಿನ ಮೊದಲ ಕಾರ್ಮಿಕ ಸಂಘ ಅದು. ಗೇಮ್ ಉದ್ಯಮದ ಕಾರ್ಮಿಕ ಹೋರಾಟದಲ್ಲಿ ಮುಂದೆ ನಿಂತವರು ಟೆಸ್ಟರ್‌ಗಳೇ ಎಂಬುದು ಹೆಮ್ಮೆಪಡಬೇಕಾದ ಸಂಗತಿ.

ನೀವು ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ ಇಷ್ಟನ್ನಾದರೂ ಕೇಳಿ: ನೇಮಕ ಮಾಡುತ್ತಿರುವುದು ಕಂಪನಿಯೇ, ಮಧ್ಯವರ್ತಿ ಏಜೆನ್ಸಿಯೇ? ಗುತ್ತಿಗೆ ಎಷ್ಟು ತಿಂಗಳದು? ಪಿಎಫ್ ಕಟ್ಟುತ್ತಾರೆಯೇ? ರಾತ್ರಿ ಪಾಳಿಗೆ ವಾಹನ ಇದೆಯೇ? ಹೆಚ್ಚುವರಿ ಗಂಟೆಗೆ ಹಣ ಕೊಡುತ್ತಾರೆಯೇ? ಗೋಪ್ಯತೆ ಒಪ್ಪಂದವನ್ನೂ ಪೂರ್ತಿ ಓದಿ. ಬಿಡುಗಡೆಯಾಗದ ಗೇಮ್‌ನ ಒಂದೇ ಒಂದು ಚಿತ್ರ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋದರೂ ಕೆಲಸ ಹೋಗುವುದಲ್ಲದೆ ಕಾನೂನು ಕ್ರಮವೂ ಎದುರಾಗಬಹುದು.

ತಪ್ಪು ಕಲ್ಪನೆ 7: ಮನೆಯಲ್ಲೇ ಕೂತು ಟೆಸ್ಟಿಂಗ್ ಮಾಡಬಹುದು, ಸ್ವಲ್ಪ ನೋಂದಣಿ ಶುಲ್ಕ ಕಟ್ಟಿದರೆ ಸಾಕು

ಸತ್ಯ: ಇದು ಮೋಸ. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡುತ್ತಾರೆ, ನಿಮ್ಮಿಂದ ಕೇಳುವುದಿಲ್ಲ. ಟೆಲಿಗ್ರಾಮ್, ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಗೇಮ್ ಆಡಿ, ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿ’ ಎಂಬ ಸಂದೇಶಗಳ ತಂತ್ರ ಒಂದೇ: ಮೊದಲು ಸಣ್ಣ ಮೊತ್ತ ಕೊಟ್ಟು ನಂಬಿಸುವುದು, ಆಮೇಲೆ ‘ಡೆಪಾಸಿಟ್’ ಕೇಳುವುದು, ಕೊನೆಗೆ ಕಾಣೆಯಾಗುವುದು. ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ದಾಖಲೆ ಪರಿಶೀಲನೆ ಶುಲ್ಕ ಎಂದು ಯಾವ ಹೆಸರಿನಲ್ಲಿ ಕೇಳಿದರೂ ಕೊಡಬೇಡಿ. ಹಣ ಹೋಗಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಎಷ್ಟು ಬೇಗ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ತಪ್ಪು ಕಲ್ಪನೆ 8: ಎಂಜಿನಿಯರಿಂಗ್ ಪದವಿ ಅಥವಾ ದುಬಾರಿ ಕೋರ್ಸ್ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ

ಸತ್ಯ: ಆರಂಭದ ಟೆಸ್ಟರ್ ಹುದ್ದೆಗೆ ಯಾವುದೇ ಪದವಿಯವರೂ ಅರ್ಜಿ ಹಾಕಬಹುದಾದ ಕಡೆಗಳಿವೆ. ಸರಳ, ಸ್ಪಷ್ಟ ಇಂಗ್ಲಿಷ್ ಬರೆಯಲು ಬರಬೇಕು. ವರದಿಗಳು ಆ ಭಾಷೆಯಲ್ಲೇ ಇರುತ್ತವೆ. ಪಾಂಡಿತ್ಯ ಬೇಡ, ನಾಲ್ಕು ನೇರ ವಾಕ್ಯ ಬಂದರೆ ಸಾಕು. ಪ್ರಮಾಣಪತ್ರ ಬೇಕೆನ್ನಿಸಿದರೆ ಸಾಫ್ಟ್‌ವೇರ್ ಟೆಸ್ಟಿಂಗ್ ಪರೀಕ್ಷೆಗಳ ಸಂಸ್ಥೆಯಾದ ಐಎಸ್‌ಟಿಕ್ಯೂಬಿಯ ಫೌಂಡೇಷನ್ ಪರೀಕ್ಷೆ ಇದೆ. ಅದು ಬೇರೆ ಸಾಫ್ಟ್‌ವೇರ್ ಕಂಪನಿಗಳಲ್ಲೂ ನಡೆಯುತ್ತದೆ. ಲಕ್ಷಾಂತರ ರೂಪಾಯಿ ಸಾಲ ಮಾಡಿ ‘ಗೇಮ್ ಟೆಸ್ಟಿಂಗ್ ಡಿಪ್ಲೊಮಾ’ ಸೇರುವ ಅಗತ್ಯವಿಲ್ಲ.

ಇದರ ಬದಲು ಅನುಭವವನ್ನು ನೀವೇ ಸಂಪಾದಿಸಿಕೊಳ್ಳುವ ಸುಲಭ ದಾರಿ ಒಂದಿದೆ. 2023ರ ನವೆಂಬರ್ ನಂತರ ಗೂಗಲ್ ಪ್ಲೇನಲ್ಲಿ ವೈಯಕ್ತಿಕ ಡೆವಲಪರ್ ಖಾತೆ ತೆರೆದವರು ತಮ್ಮ ಆ್ಯಪ್ ಅನ್ನು ಸಾರ್ವಜನಿಕರಿಗೆ ಬಿಡುವ ಮುನ್ನ ಪರೀಕ್ಷಕರ ಗುಂಪಿನಲ್ಲಿ 14 ದಿನ ಸತತವಾಗಿ ಪರೀಕ್ಷೆಗೆ ಇಡಬೇಕು. ಮೊದಲು ಕನಿಷ್ಠ 20 ಜನ ಬೇಕಿತ್ತು, 2024ರ ಕೊನೆಯಲ್ಲಿ ಅದು 12ಕ್ಕೆ ಇಳಿಯಿತು. ಒಬ್ಬಂಟಿಯಾಗಿ ಗೇಮ್ ಕಟ್ಟುವ ಹುಡುಗರಿಗೆ ಈ 12 ಜನರನ್ನು ಹುಡುಕುವುದೇ ದೊಡ್ಡ ತಲೆನೋವು. ನಿಮ್ಮ ಕಾಲೇಜಿನಲ್ಲಿ, ಊರಿನಲ್ಲಿ ಅಂಥವರಿದ್ದರೆ ಹೋಗಿ ಸೇರಿಕೊಳ್ಳಿ. ಸುಮ್ಮನೆ ಇನ್‌ಸ್ಟಾಲ್ ಮಾಡಿ ಬಿಡಬೇಡಿ. ಮೇಲೆ ತೋರಿಸಿದ ಮಾದರಿಯಲ್ಲಿ ವರದಿಗಳನ್ನು ಬರೆದುಕೊಡಿ. ಅವರ ಒಪ್ಪಿಗೆ ಪಡೆದು ಅವುಗಳಲ್ಲಿ ಚೆನ್ನಾದ ಐದನ್ನು ನಿಮ್ಮ ಅರ್ಜಿಯ ಜತೆ ಇಡಿ. ಸಂದರ್ಶನ ಮಾಡುವವರು ಓದಲು ಬಯಸುವುದು ಇದನ್ನೇ.

ಕನ್ನಡ ಚೆನ್ನಾಗಿ ಬಲ್ಲವರ ಕಣ್ಣಿಗೆ ಬೇರೆಯವರು ಕಾಣದ ದೋಷಗಳೂ ಕಾಣುತ್ತವೆ. ಭಾರತೀಯ ಲಿಪಿಗಳ ಜೋಡಣೆಯನ್ನು ತಾವಾಗಿ ನಿಭಾಯಿಸದ ಪಠ್ಯ ವ್ಯವಸ್ಥೆಗಳು ಗೇಮ್ ಎಂಜಿನ್‌ಗಳಲ್ಲಿವೆ. ಅಲ್ಲಿ ‘ಕ್ಷಮಿಸಿ’ ಎಂಬುದು ‘ಕ್‌ಷಮಿಸಿ’ ಎಂದು ಒಡೆದು ಕಾಣುತ್ತದೆ, ಒತ್ತಕ್ಷರ ಪಕ್ಕಕ್ಕೆ ಸರಿಯುತ್ತದೆ, ಉದ್ದದ ಪದ ಬಟನ್‌ನಿಂದ ಹೊರಚಾಚುತ್ತದೆ. ಭಾರತೀಯ ಭಾಷೆಗಳಲ್ಲಿ ಬರುವ ಗೇಮ್‌ಗಳಿಗೆ ಇಂಥದ್ದನ್ನು ಹಿಡಿಯುವವರು ಬೇಕೇ ಬೇಕು.

ತಪ್ಪು ಕಲ್ಪನೆ 9: ಎಐ ಬಂದಿದೆ, ಇನ್ನು ಟೆಸ್ಟರ್‌ಗಳೇ ಬೇಡ

ಸತ್ಯ: ಈ ಭಯದಲ್ಲಿ ಹುರುಳಿದೆ, ಅಲ್ಲಗಳೆಯಬಾರದು. ‘ಫೈನಲ್ ಫ್ಯಾಂಟಸಿ’ಯ ಸ್ಕ್ವೇರ್ ಎನಿಕ್ಸ್ 2027ರ ಕೊನೆಯೊಳಗೆ ತನ್ನ ಕ್ಯೂಎ ಮತ್ತು ಡೀಬಗ್ ಕೆಲಸದ ಶೇ 70ರಷ್ಟನ್ನು ಎಐ ಮೂಲಕ ಯಾಂತ್ರೀಕರಿಸುವ ಗುರಿಯನ್ನು 2025ರಲ್ಲಿ ಪ್ರಕಟಿಸಿದೆ. ‘ಕ್ಯಾಂಡಿ ಕ್ರಶ್’ ಮಾಡುವ ಕಿಂಗ್ ಕಂಪನಿ ಹೊಸ ಹಂತಗಳು ಎಷ್ಟು ಕಷ್ಟ ಎಂದು ತಿಳಿಯಲು ಬಾಟ್‌ಗಳನ್ನು ಆಡಿಸುತ್ತದೆ. ‘ಸೀ ಆಫ್ ಥೀವ್ಸ್’ ಕಟ್ಟುವಾಗ ರೇರ್ ಸ್ಟುಡಿಯೊ ಮೊದಲಿನಿಂದಲೂ ಸ್ವಯಂಚಾಲಿತ ಪರೀಕ್ಷೆಗಳನ್ನೇ ಹೆಚ್ಚಾಗಿ ನೆಚ್ಚಿಕೊಂಡಿತ್ತು.

ಒಂದೇ ಮೆನುವನ್ನು ನೂರು ಸಲ ತೆರೆದು ಮುಚ್ಚುವ, ಒಂದೊಂದೇ ಗೋಡೆಗೆ ಗುದ್ದಿ ನೋಡುವ ಕೆಲಸ ಯಂತ್ರದ ಪಾಲಾಗುತ್ತದೆ. ಆದರೆ ಈ ಹಂತ ಅನ್ಯಾಯವಾಗಿ ಕಷ್ಟವಿದೆ, ಈ ಸೂಚನೆ ಹೊಸಬರಿಗೆ ಅರ್ಥವಾಗುವುದಿಲ್ಲ, ಈ ಸಂಭಾಷಣೆ ನಮ್ಮ ಜನರ ಮನಸ್ಸಿಗೆ ನೋವು ತರುತ್ತದೆ ಎಂದು ತೂಗಿ ಹೇಳಲು ಇನ್ನೂ ಮನುಷ್ಯರೇ ಬೇಕು. ಬಟನ್ ಒತ್ತುವುದನ್ನಷ್ಟೇ ಬಲ್ಲ ಟೆಸ್ಟರ್‌ಗೆ ಕಷ್ಟಕಾಲ ಬರುತ್ತಿದೆ. ಆ ಯಂತ್ರಕ್ಕೆ ಏನನ್ನು ಪರೀಕ್ಷಿಸಬೇಕೆಂದು ಹೇಳಿಕೊಡಬಲ್ಲ, ಅದು ಕೊಟ್ಟ ಉತ್ತರವನ್ನು ಅನುಮಾನಿಸಬಲ್ಲ ಟೆಸ್ಟರ್‌ಗೆ ಬೆಲೆ ಹೆಚ್ಚುತ್ತದೆ. ಸ್ವಲ್ಪವಾದರೂ ಕೋಡಿಂಗ್ ಕಲಿಯಿರಿ ಎಂದು ಒತ್ತಿ ಹೇಳುವುದು ಇದಕ್ಕೇ.

ತಪ್ಪು ಕಲ್ಪನೆ 10: ಸರ್ಕಾರ ಆನ್‌ಲೈನ್ ಗೇಮ್‌ಗಳನ್ನೇ ನಿಷೇಧಿಸಿದೆ, ಈ ಕ್ಷೇತ್ರಕ್ಕೆ ಭವಿಷ್ಯವಿಲ್ಲ

ಸತ್ಯ: 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಹಣ ಪಣಕ್ಕಿಟ್ಟು ಆಡುವ ಗೇಮ್‌ಗಳನ್ನು. ಇ–ಸ್ಪೋರ್ಟ್ಸ್ ಮತ್ತು ಮನರಂಜನೆ, ಕಲಿಕೆಯ ಗೇಮ್‌ಗಳಿಗೆ ಪ್ರೋತ್ಸಾಹ ಕೊಡುವುದಾಗಿ ಅದೇ ಕಾಯ್ದೆ ಹೇಳುತ್ತದೆ. ಹಣದ ಆಟಗಳ ಕಂಪನಿಗಳಲ್ಲಿ ದುಡಿಯುತ್ತಿದ್ದ ಬೆಂಗಳೂರಿನ ಅನೇಕರು ಕೆಲಸ ಕಳೆದುಕೊಂಡದ್ದು ನಿಜ, ನೋವಿನ ಸಂಗತಿ. ಆದರೆ ವಿಡಿಯೊ ಗೇಮ್ ಕಟ್ಟುವುದು, ಪರೀಕ್ಷಿಸುವುದು ಆ ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ. ಕೆಲಸಕ್ಕೆ ಸೇರುವ ಮುನ್ನ ಕಂಪನಿ ಯಾವ ಬಗೆಯ ಗೇಮ್ ಮಾಡುತ್ತದೆ ಎಂದು ವಿಚಾರಿಸಿಕೊಳ್ಳಿ.

ಕೊನೆಯದಾಗಿ

ಗೇಮ್ ಉದ್ಯಮದೊಳಗೆ ಕಾಲಿಡಲು ಟೆಸ್ಟರ್ ಕೆಲಸ ನಿಜವಾದ ದಾರಿ. ಆದರೆ ಅದನ್ನು ದಾಟುದಾರಿ ಎಂದಷ್ಟೇ ಎಣಿಸಿ, ಬೇಕಾಬಿಟ್ಟಿ ಕೆಲಸ ಮಾಡುವವರಿಗೆ ಅಲ್ಲಿಂದ ಮುಂದಕ್ಕೆ ದಾರಿ ಸಿಗುವುದು ಕಷ್ಟ. ಟೆಸ್ಟಿಂಗನ್ನು ಒಂದು ಕಸುಬು ಎಂದು ಗೌರವಿಸಿ ಕಲಿತವರು ಎಲ್ಲಿಗೆ ಹೋದರೂ ಬದುಕುತ್ತಾರೆ. ಗೇಮ್ ಬಿಟ್ಟು ಬ್ಯಾಂಕ್, ಆಸ್ಪತ್ರೆಗಳ ಸಾಫ್ಟ್‌ವೇರ್ ಪರೀಕ್ಷೆಗೆ ಹೋದರೂ ಅದೇ ವಿದ್ಯೆ ಅನ್ನ ಹಾಕುತ್ತದೆ.

ಮಕ್ಕಳಲ್ಲಿ ಒಂದು ವಿನಂತಿ: ಈ ವಾರ ನಿಮ್ಮ ಫೋನಿನಲ್ಲಿರುವ ಒಂದು ಗೇಮ್ ತೆಗೆದುಕೊಂಡು ಒಂದು ದೋಷ ಹುಡುಕಿ, ಮೇಲಿನ ಮಾದರಿಯಲ್ಲಿ ಬರೆದು ನೋಡಿ. ಬರೆದು ಮುಗಿಸಿದಾಗ ಇನ್ನೊಂದನ್ನು ಹುಡುಕಬೇಕು ಅನ್ನಿಸಿದರೆ ಈ ಕೆಲಸ ನಿಮ್ಮದು. ಬೇಸರವೇ ಬಂದರೆ ಗೇಮ್ ಕಟ್ಟುವ ಬೇರೆ ಕೆಲಸಗಳ ಕಡೆ ನೇರವಾಗಿ ಹೋಗಿ. ಟೆಸ್ಟಿಂಗ್ ಮೂಲಕವೇ ಹೋಗಬೇಕೆಂಬ ಕಟ್ಟಳೆ ಏನಿಲ್ಲ. ಹೆತ್ತವರಲ್ಲಿ ಇನ್ನೊಂದು: ಬೇಡ ಎನ್ನುವ ಮೊದಲು ಮಗ ಅಥವಾ ಮಗಳು ಬರೆದ ಆ ಒಂದು ಪುಟದ ವರದಿಯನ್ನು ಓದಿ. ಕೂಡಿಸಿಕೊಂಡು ಕೇಳಿ, ಆಮೇಲೆ ಇಬ್ಬರೂ ಸೇರಿ ತೀರ್ಮಾನಿಸಿ.